ಡಿಸ್ಕ್ ಕಾಣ್ತಿಲ್ಲ ಅಂದ್ರೆ ಕಾರ್ಡ್ ಸತ್ತಿದೆ ಅಂತಲ್ಲ

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ಡೆಲ್ ಆರ್720 ಸರ್ವರ್ ಇದೆ, ಅದರಲ್ಲಿ ಡಿಸ್ಕುಗಳನ್ನ ರೇಡ್ ಮಾಡಿ (ಹಲವು ಡಿಸ್ಕ್ ಸೇರಿಸಿ ಒಂದಾಗಿ) ನಡೆಸೋ ಪರ್ಕ್ ಎಚ್310 ಕಾರ್ಡು. ಸೆಂಟ್‌ಓಎಸ್ 7 ಲಿನಕ್ಸಲ್ಲಿ ಆರಾಮಾಗಿ ಓಡ್ತಿತ್ತು. ರೆಡ್ ಹ್ಯಾಟ್ 8 ಹಾಕೋಕೆ ಹೋದ್ರೆ ಇನ್‌ಸ್ಟಾಲರಲ್ಲಿ ಒಂದು ಡಿಸ್ಕೂ ಕಾಣ್ತಿಲ್ಲ. ರಿಪೇರಿಯವ್ರು ಕಾರ್ಡ್ ಹೋಗಿದೆ ಅಂತಾರೆ, ಗೆಳೆಯರೊಬ್ರು ಕಾರ್ಡಿನೊಳಗಿನ ಸಾಫ್ಟ್‌ವೇರ್ ಬದಲಾಯಿಸಿ ಐಟಿ ಮೋಡ್‌ಗೆ (ರೇಡ್ ಇಲ್ಲದೆ ಡಿಸ್ಕ್ ನೇರ ತೋರಿಸೋ ಹಾಗೆ) ಫ್ಲ್ಯಾಶ್ ಮಾಡು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ರದೂ ಬೇಡ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ನಂಗೆ ಸಾಕಾಗಿದೆ, ಅದಕ್ಕೆ ಇವತ್ತು ಪೂರ್ತಿ ಹೇಳಿಬಿಡ್ತೀನಿ.

ನಿನ್ನೆವರೆಗೂ ಸೆಂಟ್‌ಓಎಸ್ 7ರಲ್ಲಿ ಓಡ್ತಿದ್ದ ಕಾರ್ಡು, ಇನ್‌ಸ್ಟಾಲ್ ಸಿಡಿ ಹಾಕಿದ ತಕ್ಷಣ ಹೇಗ್ರೀ ಸಾಯುತ್ತೆ? ಒಂದು ಉಬುಂಟು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ನೋಡಿ, ಡಿಸ್ಕ್ ಕಾಣಿಸಿದ್ರೆ ಕಾರ್ಡ್ ಗಟ್ಟಿಯಾಗೇ ಇದೆ. ಆಮೇಲೆ ಎಲ್‌ಎಸ್‌ಪಿಸಿಐ -ಎನ್‌ಎನ್ (lspci -nn) ಅನ್ನೋ ಕಮಾಂಡ್ ಕೊಟ್ಟು ಕಾರ್ಡಿನ ನಂಬರ್ ನೋಡಿ, 1000:0073 ಅಂತ ಬರುತ್ತೆ. ರೆಡ್ ಹ್ಯಾಟ್‌ನವ್ರು 8ನೇ ವರ್ಷನ್ನಲ್ಲಿ ಈ ಥರದ ಕಾರ್ಡು ನಡೆಸೋ ಮೆಗಾರೇಡ್ ಡ್ರೈವರ್ ಇಟ್ಕೊಂಡು, ಅದರೊಳಗಿಂದ ಹಳೇ ಕಾರ್ಡುಗಳ ನಂಬರ್ ಮಾತ್ರ ತೆಗೆದುಹಾಕಿದ್ರು, ಹಾಗಾಗಿ ಡ್ರೈವರ್ ಇರುತ್ತೆ ಆದ್ರೆ ನಿಮ್ಮ ಕಾರ್ಡ್ ಪಕ್ಕದಲ್ಲೇ ಇದ್ರೂ ಗುರುತು ಸಿಗದವರ ಥರ ಕೂತಿರುತ್ತೆ. ಮೂಲ ಲಿನಕ್ಸ್ ಕರ್ನಲ್ಲಲ್ಲಿ (ಲಿನಕ್ಸಿನ ತಿರುಳು) ಆ ನಂಬರ್ ಇನ್ನೂ ಇದೆ, ಉಬುಂಟುಲಿ ಕಾಣೋದು ಅದಕ್ಕೇ.

ಇನ್ನು ಐಟಿ ಮೋಡ್ ಪಂಡಿತರು. ಫ್ಲ್ಯಾಶ್ ಮಾಡಿದ್ರೆ ಅದೇ ಚಿಪ್ಪು 1000:0072 ಆಗುತ್ತೆ, ಎಂಪಿಟಿ3ಸ್ಯಾಸ್ ಅನ್ನೋ ಬೇರೆ ಡ್ರೈವರ್‌ಗೆ ಹೋಗುತ್ತೆ, ಆ ನಂಬರನ್ನೂ ರೆಡ್ ಹ್ಯಾಟ್ 8ರಲ್ಲಿ ತೆಗೆದಿದ್ದಾರೆ! ಡಿಸ್ಕ್ ಆಗ್ಲೂ ಕಾಣಲ್ಲ, ಮೇಲಿಂದ ನಿಮ್ಮ ರೇಡ್ ವಾಲ್ಯೂಮ್ ಕೈತಪ್ಪಿ ಹೋಗುತ್ತೆ. ಇಂಥ ಸಲಹೆ ಕೊಡೋರು ಆಮೇಲೆ ಫೋನ್ ಎತ್ತಲ್ಲ.

ದಾರಿ ಇದೆ. ರೆಡ್ ಹ್ಯಾಟ್‌ಗೆ ಹೊರಗಿಂದ ಡ್ರೈವರ್ ಮಾಡಿ ಕೊಡೋ ಎಲ್‌ರೆಪೋ ಗುಂಪಿನವ್ರು ಈ ಹಳೇ ಕಾರ್ಡುಗಳಿಗೆ ಡ್ರೈವರ್ ಡಿಸ್ಕ್ ಮಾಡಿ ಇಟ್ಟಿದ್ದಾರೆ, ನೀವು ಹಾಕ್ತಿರೋ 8 ಪಾಯಿಂಟ್ ಎಷ್ಟೋ ಅದಕ್ಕೆ ಸರಿಯಾದದ್ದೇ ತಗೊಂಡು ಇನ್‌ಸ್ಟಾಲ್ ಟೈಮಲ್ಲಿ ಕೊಡಿ. ಅಲ್ಲಿಗೆ ಮುಗೀತು ಅಂದ್ಕೋಬೇಡಿ, ಮುಂದೆ ಹೊಸ ಕರ್ನಲ್ ಬಂದಾಗ ಡ್ರೈವರ್ ಹೊಂದದೇ ಹೋದ್ರೆ ರೀಬೂಟ್ ಆದ್ಮೇಲೆ ಬೂಟ್ ಡಿಸ್ಕೇ ಸಿಗಲ್ಲ, ಅದಕ್ಕೆ ಗ್ರಬ್ಬಲ್ಲಿ (ಬೂಟ್ ಮೆನು) ಹಳೇ ಕರ್ನಲ್ ಉಳಿಸ್ಕೊಳ್ಳಿ, ಶುಕ್ರವಾರ ಸಂಜೆ ಅಪ್‌ಡೇಟ್ ಕೊಟ್ಟು ಬಸ್ ಹತ್ತಬೇಡಿ. (ನಾನು ಒಮ್ಮೆ ಹತ್ತಿದ್ದೆ. ತುಮಕೂರಲ್ಲಿ ಇಳಿದು ವಾಪಸ್ ಬಂದೆ.)

ಸಬ್‌ಸ್ಕ್ರಿಪ್ಶನ್ ದುಡ್ಡು ಕಟ್ಟಿಲ್ಲ ಅಂದ್ರೆ ರೆಡ್ ಹ್ಯಾಟ್ ಥರಾನೇ ಇರೋ ಉಚಿತ ಆಲ್ಮಾಲಿನಕ್ಸ್ ಸುಲಭ, 2024ರ 9.4ರಿಂದ ರೆಡ್ ಹ್ಯಾಟ್ ಕೈಬಿಟ್ಟ ಎಷ್ಟೋ ಕಾರ್ಡುಗಳನ್ನ ಅವ್ರು ವಾಪಸ್ ಸೇರಿಸಿದ್ದಾರೆ, ನಿಮ್ಮ ನಂಬರ್ ಅವ್ರ ಪಟ್ಟೀಲಿ ಇದ್ಯಾ ನೋಡ್ಕೊಂಡು ಹಾಕಿ. ದುಡ್ಡು ಕಟ್ಟಿದ್ರೆ ಕಥೆ ಬೇರೆ: ಹೊರಗಿನ ಡ್ರೈವರ್ ಹಾಕ್ಕೊಂಡು, ಸ್ಟೋರೇಜ್ ತೊಂದರೆ ಅಂತ ಟಿಕೆಟ್ ಹಾಕಿದ್ರೆ "ಇದಕ್ಕೆ ನಮ್ಮ ಬೆಂಬಲ ಇಲ್ಲ" ಅಂತ ಬರುತ್ತೆ, ಅದು ನ್ಯಾಯಾನೇ. ನಾನಾದ್ರೆ ಸಂಬಳದ ಲೆಕ್ಕ ಇರೋ ಮಷೀನಲ್ಲಿ ಈ ಸರ್ಕಸ್ ಮಾಡಲ್ಲ, ಎಚ್710 ಕಾರ್ಡ್ ಹಾಕಿಸ್ತೀನಿ, 8ರಲ್ಲಿ ಅದು ನೇರ ಓಡುತ್ತೆ. ಏನೇ ಮಾಡೋ ಮುಂಚೆ ಬ್ಯಾಕಪ್ ತಗೊಳ್ಳಿ, ತಗೊಂಡು ರಿಸ್ಟೋರ್ ಮಾಡಿ ನೋಡಿ. ಮತ್ತೆ ನೇರ 10ಕ್ಕೆ ಹೋಗ್ತೀನಿ ಅನ್ನೋ ಆಸೆ ಬಿಡಿ, ರೆಡ್ ಹ್ಯಾಟ್ 10ಕ್ಕೆ ಆರ್720ರ ಸಿಪಿಯುನೇ ಸಾಲಲ್ಲ.

ಪ್ರಶ್ನೆ: ಸೆಂಟ್‌ಓಎಸ್ 7 ಚೆನ್ನಾಗೇ ಓಡ್ತಿದೆ, ಬದಲಾಯಿಸ್ಲೇಬೇಕಾ?
ಉತ್ತರ: 2024 ಜೂನ್ 30ಕ್ಕೇ ಅದರ ಅಪ್‌ಡೇಟ್ ನಿಂತಿದೆ. ಬೇಕು.

ಪ್ರಶ್ನೆ: ಡೆಸ್ಕ್‌ಟಾಪ್ ಹಾರ್ಡ್‌ಡಿಸ್ಕ್ ಅಗ್ಗ, ಸರ್ವರ್ ರೇಡ್‌ಗೆ ಹಾಕ್ಬಹುದಾ?
ಉತ್ತರ: ಬೇಡ.

ಪ್ರಶ್ನೆ: ರೇಡ್ 10 ಇದೆ (ಪ್ರತಿ ಡಿಸ್ಕ್‌ಗೂ ಒಂದು ನಕಲು), ಬ್ಯಾಕಪ್ ಯಾಕೆ? ಫರ್ಮ್‌ವೇರ್ (ಡಿಸ್ಕಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರೆ ಡಿಸ್ಕ್ ಹಾಳಾಗುತ್ತಂತೆ, ನಿಜವಾ?
ಉತ್ತರ: ಕೆಲವೊಮ್ಮೆ ಅಪ್‌ಡೇಟ್ ಮಾಡದಿದ್ರೇ ಹಾಳಾಗುತ್ತೆ. 2019ರ ನವೆಂಬರಲ್ಲಿ ಎಚ್‌ಪಿಇ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು, ಅವರ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತು ಹೋಗ್ತವೆ, ಡೇಟಾ ವಾಪಸ್ ಬರಲ್ಲ, ಅಷ್ಟರೊಳಗೆ ಫರ್ಮ್‌ವೇರ್ ಬದಲಾಯಿಸಿ ಅಂತ. ಒಂದೇ ದಿನ ಹಾಕಿದ ಡಿಸ್ಕುಗಳು ಒಂದೇ ದಿನ ಹೋದ್ರೆ ನಿಮ್ಮ ರೇಡ್ 10 ಏನ್ ಮಾಡುತ್ತೆ, ನೀವೇ ಹೇಳಿ.