'ದಿ ಶೂಟಿಂಗ್' ಸಿನಿಮಾವನ್ನು ಅರ್ಧ ಜನ ಹೊಗಳೋದು, ಅರ್ಧ ಜನ ಬೈಯೋದು ಯಾಕೆ?

ನೀವು 1966ರ ವೆಸ್ಟರ್ನ್ (ಕೌಬಾಯ್) ಸಿನಿಮಾ 'ದಿ ಶೂಟಿಂಗ್' ನೋಡಿದ್ದೀರಿ. ಕೊನೆಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ ಅಂತ ಬರೆದಿದ್ದೀರಿ. ಕೆಲವರು ಇದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ಟೈಮ್ ವೇಸ್ಟ್ ಅನ್ನುತ್ತಾರೆ, ಇದು ಯಾಕೆ ಹೀಗೆ ಅನ್ನೋದು ನಿಮ್ಮ ಪ್ರಶ್ನೆ. ಇದರ ಜೊತೆಗೇ ತೆಗೆದ ಇನ್ನೊಂದು ಸಿನಿಮಾ ನೋಡಬಹುದಾ ಅಂತಲೂ ಕೇಳಿದ್ದೀರಿ.

ನಾನು ಹೊಗಳುವವರ ಕಡೆ. ನನಗೆ ತುಂಬಾ ಇಷ್ಟವಾದ ಸಿನಿಮಾ ಇದು. ಆದರೆ ಬೈಯುವವರನ್ನು 'ನಿಮಗೆ ಅರ್ಥ ಆಗಲಿಲ್ಲ' ಅಂತ ಬಾಯಿ ಮುಚ್ಚಿಸೋದು ಸರಿಯಲ್ಲ. ಅವರಿಗೆ ಕೋಪ ಬರೋದಕ್ಕೆ ಕಾರಣ ಸಿನಿಮಾದೊಳಗೇ ಇದೆ. ಮುಂದೆ ಕಥೆ ಪೂರ್ತಿ ಹೇಳುತ್ತೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಸೇಡಿನ ಕಥೆ ಅಂದರೆ ನಮ್ಮ ತಲೆಯಲ್ಲಿ ಒಂದು ಲೆಕ್ಕ ಇರುತ್ತದೆ. ಶುರುವಲ್ಲೇ ಯಾರಿಗೋ ಅನ್ಯಾಯ ಆಗಬೇಕು. ಅದನ್ನು ನಾವು ಕಣ್ಣಾರೆ ನೋಡಬೇಕು. ಆಮೇಲೆ ಸೇಡು ತೀರಿಸಿಕೊಳ್ಳುವವರ ಜೊತೆ ನಾವೂ ಕುದುರೆ ಹತ್ತಬೇಕು. ಕೊನೆಯ ಗುಂಡು ಹಾರಿದಾಗ ನಮ್ಮ ಹೊಟ್ಟೆಯೂ ತಣ್ಣಗಾಗಬೇಕು. ನಿರ್ದೇಶಕ ಮಾಂಟಿ ಹೆಲ್ಮನ್ ಈ ಸಿನಿಮಾದಲ್ಲಿ ಅಷ್ಟನ್ನೂ ತಿರುಗಿಸಿಬಿಟ್ಟಿದ್ದಾರೆ. ಅನ್ಯಾಯ ನಡೆದದ್ದು ತೆರೆಯ ಮೇಲೆ ಕಾಣೋದೇ ಇಲ್ಲ. ಸೇಡಿಗೆ ಹೊರಟ ಹೆಂಗಸಿಗೆ ಹೆಸರಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾವು ಸಿನಿಮಾ ಪೂರ್ತಿ ಇರೋದು ಸೇಡು ಯಾರ ಮೇಲೋ ಅವನ ಅಣ್ಣತಮ್ಮನ ಜೊತೆ. ಬೇಟೆ ಯಾರದ್ದು ಅಂತ ಅವನಿಗೇ ಯಾರೂ ಹೇಳುವುದಿಲ್ಲ. ಅವನಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು.

ಆದರೆ ಸುಳಿವೇ ಇಲ್ಲ ಅನ್ನೋ ದೂರನ್ನು ನಾನು ಒಪ್ಪುವುದಿಲ್ಲ. ಶುರುವಿನ ಭಾಗ ನೆನಪು ಮಾಡಿಕೊಳ್ಳಿ. ವಾರನ್ ಓಟ್ಸ್ ಮಾಡಿದ ಗಶೇಡ್ ತನ್ನ ಗಣಿ ಕ್ಯಾಂಪಿಗೆ ವಾಪಸ್ ಬರುತ್ತಾನೆ. ಅಲ್ಲೊಂದು ಹೊಸ ಸಮಾಧಿ. ಗೆಳೆಯ ಲೀಲ್ಯಾಂಡ್‌ನನ್ನು ಯಾರೋ ಕಣ್ಣಿಗೆ ಬೀಳದೆ ಗುಂಡು ಹೊಡೆದು ಕೊಂದಿದ್ದಾರೆ. ಬದುಕುಳಿದ ಕೋಲಿ ಹೆದರಿ ಅರ್ಧ ಹುಚ್ಚನ ಹಾಗೆ ಆಗಿದ್ದಾನೆ. ಅವನು ತಡವರಿಸುತ್ತಾ ಒಂದು ಸಂಗತಿ ಹೇಳುತ್ತಾನೆ. ಗಶೇಡ್‌ನ ಅಣ್ಣತಮ್ಮ ಕೊಯ್ನ್ ಓಡಿಹೋಗಿದ್ದಾನೆ. ಪೇಟೆಯಲ್ಲಿ, ಬಹುಶಃ ಅವನಿಂದಲೇ, ಒಬ್ಬ ಮನುಷ್ಯ, ಜೊತೆಗೆ ಒಂದು ಚಿಕ್ಕ ಜೀವ ತುಳಿತಕ್ಕೆ ಸಿಕ್ಕಿ ಸತ್ತಿವೆಯಂತೆ. ಮಗು ಇರಬಹುದು. ಇಡೀ ಸಿನಿಮಾದ ಸೇಡಿಗೆ ಕಾರಣ ಈ ಅರೆಬರೆ ಮಾತು. ಫ್ಲ್ಯಾಶ್‌ಬ್ಯಾಕ್ ಇಲ್ಲ, ಹಿನ್ನೆಲೆ ಸಂಗೀತ ಏರಿಸಿ ಗಮನ ಸೆಳೆಯೋದೂ ಇಲ್ಲ. ಕೋಲಿಯ ಗಾಬರಿಯ ಮಾತಲ್ಲವಾ ಅಂತ ನಾವು ಆ ಕಡೆ ಕಿವಿ ಕೊಡೋದೇ ಇಲ್ಲ.

ಮರುದಿನ ಆ ಹೆಂಗಸು ಬರುತ್ತಾಳೆ. ಮೊದಲು ಕೇಳಿಸೋದು ಗುಂಡಿನ ಸದ್ದು. ತನ್ನ ಕುದುರೆಗೆ ಕಾಲು ಮುರಿದಿತ್ತು, ಅದಕ್ಕೇ ಕೊಂದೆ ಅನ್ನುತ್ತಾಳೆ. ಗಶೇಡ್ ಹೋಗಿ ಸತ್ತ ಕುದುರೆಯನ್ನು ಪರೀಕ್ಷಿಸುತ್ತಾನೆ. ಕಾಲಿಗೆ ಏನೂ ಆಗಿಲ್ಲ. ಅದೆಲ್ಲ ಗೊತ್ತಿದ್ದೂ ಸಾವಿರ ಡಾಲರ್‌ಗೆ ಅವಳಿಗೆ ದಾರಿ ತೋರಿಸಲು ಹೊರಡುತ್ತಾನೆ. ದುಡ್ಡಿನ ಆಸೆಗಾ? ಅಥವಾ ಅವಳು ಯಾರ ಬೆನ್ನು ಹತ್ತಿದ್ದಾಳೆ ಅಂತ ಅನುಮಾನ ಬಂದು, ಜೊತೆಗೇ ಇರೋಣ ಅಂತಾ? ಓಟ್ಸ್ ಮುಖದಲ್ಲಿ ಎರಡೂ ಕಾಣುತ್ತದೆ. ನನ್ನ ಪ್ರಕಾರ ಇಡೀ ಸಿನಿಮಾ ನಿಂತಿರೋದು ಆ ಮುಖದ ಮೇಲೆ. ಹೆಚ್ಚು ಮಾತಿಲ್ಲ, ಆದರೆ ಅವನು ಯೋಚನೆ ಮಾಡುವುದು ನಮಗೆ ಕಾಣಿಸುತ್ತಾ ಇರುತ್ತದೆ.

ಈಗ ಕೊನೆಗೆ ಬರೋಣ. ನೀರು ಮುಗಿದಿದೆ, ಕುದುರೆಗಳು ಸತ್ತಿವೆ. ಗಶೇಡ್ ಆ ಹೆಂಗಸಿನ ಬಾಡಿಗೆ ಬಂದೂಕುಗಾರ ಬಿಲ್ಲಿಯ ಮೇಲೆ ಬಿದ್ದು, ಕಲ್ಲು ತೆಗೆದುಕೊಂಡು ಅವನ ಬಂದೂಕು ಹಿಡಿಯುವ ಕೈಯನ್ನೇ ಜಜ್ಜುತ್ತಾನೆ. ಕೊಲ್ಲುವುದಿಲ್ಲ. ಆಮೇಲೆ ಬಂಡೆ ಹತ್ತುತ್ತಿರುವ ಹೆಂಗಸಿನ ಹಿಂದೆ ಓಡುತ್ತಾನೆ. ಮೇಲಿದ್ದವನು ತಿರುಗುತ್ತಾನೆ. ಅದು ಗಶೇಡ್‌ನದೇ ಮುಖ! ಕೊಯ್ನ್ ಪಾತ್ರವನ್ನೂ ಓಟ್ಸ್ ಅವರೇ ಮಾಡಿದ್ದಾರೆ. ಚಿತ್ರ ನಿಧಾನವಾಗಿ ತುಂಡು ತುಂಡಾಗಿ ಚಲಿಸುತ್ತದೆ, ಗುಂಡು ಹಾರುತ್ತದೆ, ಗಶೇಡ್ ಬಾಯಿಂದ 'ಕೊಯ್ನ್' ಅಂತ ಹೆಸರು ಬರುತ್ತದೆ, ಅಷ್ಟೇ. ಒಂದು ಕ್ಷಣ ಕಣ್ಣು ಆಚೆ ಹೋದರೆ ಮುಖ ತಪ್ಪಿಹೋಗುತ್ತದೆ. ಎಂಬತ್ತು ಚಿಲ್ಲರೆ ನಿಮಿಷ ಕಾದವರಿಗೆ ಇದು ಮೋಸ ಅನ್ನಿಸಿದರೆ ಆಶ್ಚರ್ಯವಿಲ್ಲ. ನನಗೆ ಮಾತ್ರ ಈ ಕೊನೆ ಸರಿ ಅನ್ನಿಸುತ್ತದೆ. ಹೊಟ್ಟೆ ತಣ್ಣಗಾಗೋದಿಲ್ಲ ನಿಜ. ಸಾಯುತ್ತಿರೋದು ನಾವು ಇಷ್ಟು ಹೊತ್ತು ಜೊತೆಗಿದ್ದವನ ಮುಖವೇ ಆಗಿರುವಾಗ ಹೇಗೆ ತಣ್ಣಗಾಗಬೇಕು?

ಬಜೆಟ್ ವಿಷಯ ಹೇಳಲೇಬೇಕು, ಯಾಕೆಂದರೆ 'ಚೀಪ್ ಆಗಿ ಕಾಣುತ್ತೆ' ಅನ್ನೋದು ಜಾಸ್ತಿ ಕೇಳಿಬರುವ ಇನ್ನೊಂದು ದೂರು. ಖರ್ಚು ಸುಮಾರು 75,000 ಡಾಲರ್. ದುಡ್ಡು ಹಾಕಿದ್ದು ರೋಜರ್ ಕಾರ್ಮನ್, ಆದರೆ ಅವರ ಹೆಸರು ಟೈಟಲ್‌ನಲ್ಲಿಲ್ಲ. ಒಂದು ಮಾಡುವ ಬದಲು ಎರಡು ಮಾಡಿ ಅಂದರು. ಹಾಗಾಗಿ 1965ರಲ್ಲಿ ಯೂಟಾದ ಕನಾಬ್ ಹತ್ತಿರದ ಮರುಭೂಮಿಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ವೆಸ್ಟರ್ನ್ ತಯಾರಾದವು. ಶುರುವಲ್ಲೇ ಮಳೆ ಬಂದು ನೀರು ನುಗ್ಗಿ ಕೆಲಸ ಕೆಟ್ಟಿತು. ಬೆಳಕಿಗೆ ಸೂರ್ಯನನ್ನೇ ನಂಬಿಕೊಂಡರು. ಈ ಬಡತನ ಸಿನಿಮಾಕ್ಕೆ ಒಳ್ಳೆಯದನ್ನೇ ಮಾಡಿದೆ ಅನ್ನೋದು ನನ್ನ ಅಭಿಪ್ರಾಯ. ಸೆಟ್ ಇಲ್ಲ, ಜನಜಂಗುಳಿ ಇಲ್ಲ, ನಾಲ್ಕು ಜನ ಮತ್ತು ಬಿಸಿಲು. ಕೊನೆ ಕೊನೆಗೆ ಮುಖಗಳು ಒಣಗಿ ಬಿರಿದಿರೋದನ್ನು ನೋಡಿದರೆ ನಮ್ಮ ಗಂಟಲೂ ಒಣಗುತ್ತದೆ. ಕ್ಯಾರಲ್ ಈಸ್ಟ್‌ಮನ್ ಬೇರೆ ಹೆಸರಿನಲ್ಲಿ ಬರೆದ ಚಿತ್ರಕಥೆಯ ಮೊದಲ ಹತ್ತು ಪುಟಗಳಲ್ಲಿ ಹಿನ್ನೆಲೆ ವಿವರಣೆ ಇತ್ತು, ಹೆಲ್ಮನ್ ಅದನ್ನು ಕಿತ್ತುಹಾಕಿದರು. ನಿಮಗಾದ ಗೊಂದಲದ ಮೂಲ ಅಲ್ಲೇ ಇದೆ.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಕೋಲಿಯ ಮಾತು ಕೆಲವು ಕಡೆ ತುಂಬಾ ಎಳೆಯುತ್ತದೆ. ಅವನಿಗೆ ಆ ಹೆಂಗಸಿನ ಮೇಲೆ ಮನಸ್ಸಾಗೋದನ್ನು ಎರಡು ದೃಶ್ಯದಲ್ಲೇ ಹೇಳಬಹುದಿತ್ತು. ಸಂಗೀತ ಕೆಲವೊಮ್ಮೆ ಟೀವಿ ಧಾರಾವಾಹಿಯ ಹಾಗೆ ಚುಚ್ಚುತ್ತದೆ. ಮಿಲ್ಲಿ ಪರ್ಕಿನ್ಸ್ ಹೆಂಗಸಿನ ಪಾತ್ರವನ್ನು ಒಂದೇ ಸಮನೆ ಗಡುಸಾಗಿ ಮಾಡಿದ್ದಾರೆ, ಅದು ಬೇಕೆಂದೇ ಮಾಡಿದ್ದು. ಆದರೆ ಅವಳು ಕಳೆದುಕೊಂಡದ್ದರ ನೋವು ಒಮ್ಮೆಯಾದರೂ ಹೊರಗೆ ಇಣುಕಿದ್ದರೆ ಕಥೆ ಇನ್ನಷ್ಟು ತಟ್ಟುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಜನ ಬೈಯೋದಕ್ಕೆ ಇನ್ನೊಂದು ಕಾರಣ ನಟ ಜ್ಯಾಕ್ ನಿಕೋಲ್ಸನ್. ಬಿಲ್ಲಿ ಪಾತ್ರ ಮಾಡಿದ್ದು ಅವರೇ, ಹೆಲ್ಮನ್ ಜೊತೆ ನಿರ್ಮಾಪಕರೂ ಹೌದು. ಆಗ ಅವರನ್ನು ಯಾರೂ ಗುರುತಿಸುತ್ತಿರಲಿಲ್ಲ, ಹೆಸರು ಬಂದದ್ದು 1969ರ ನಂತರ. ಅಮೆರಿಕದಲ್ಲಿ ಈ ಸಿನಿಮಾ ಥಿಯೇಟರ್‌ಗಳಿಗೆ ಸರಿಯಾಗಿ ಬರಲೇ ಇಲ್ಲ, ಟೀವಿಗೆ ಮಾರಾಟವಾಯಿತು. ಮೆಚ್ಚಿದವರು ಫ್ರಾನ್ಸಿನವರು. ಆಮೇಲೆ ಸಿಕ್ಕ ಅಗ್ಗದ ಡಿಸ್ಕ್‌ಗಳನ್ನು ಕೊಂಡವರಲ್ಲಿ ಬಹಳ ಜನ ನಿಕೋಲ್ಸನ್ ಹೆಸರು ನೋಡಿ ಕೊಂಡವರು. ಅವರಿಗೆ ಸಿಕ್ಕಿದ್ದು ಮಸುಕು ಪ್ರಿಂಟ್, ಮತ್ತು ಕಥೆ ಸಾಕಷ್ಟು ಮುಂದೆ ಹೋದ ಮೇಲೆ ಬರುವ ಒಬ್ಬ ಕ್ರೂರಿ. ಬೈಯದೆ ಏನು ಮಾಡುತ್ತಾರೆ? 2014ರಲ್ಲಿ ಹಳೆ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ ಎರಡೂ ಸಿನಿಮಾಗಳನ್ನು ಚೊಕ್ಕಟ ಮಾಡಿ ಒಟ್ಟಿಗೆ ಹೊರತಂದಿತು. ನೀವು ನೋಡಿದ್ದು ಹಳೆ ಪ್ರಿಂಟ್ ಆಗಿದ್ದರೆ ಇದನ್ನು ಹುಡುಕಿ ಇನ್ನೊಮ್ಮೆ ನೋಡಿ. ಬಂಡೆಯ ಮೇಲಿನ ಮುಖ ಅದರಲ್ಲಿ ನಿಮಗೆ ಖಂಡಿತ ಕಾಣುತ್ತದೆ.

ಆ ಇನ್ನೊಂದು ಸಿನಿಮಾ 'ರೈಡ್ ಇನ್ ದಿ ವರ್ಲ್‌ವಿಂಡ್', ಬರೆದದ್ದು ನಿಕೋಲ್ಸನ್. ದಾರಿಯಲ್ಲಿ ಕಳ್ಳರ ಗುಂಪಿನ ಪಕ್ಕ ಒಂದು ರಾತ್ರಿ ಕಳೆದ ತಪ್ಪಿಗೆ ಮೂವರು ಕೂಲಿ ದನಗಾಹಿಗಳನ್ನೂ ಜನ ಕಳ್ಳರೆಂದೇ ಬೆನ್ನಟ್ಟುತ್ತಾರೆ. ಕಥೆ ನೇರವಾಗಿದೆ, ಎಲ್ಲೂ ಗೊಂದಲ ಆಗುವುದಿಲ್ಲ. ಅದರಲ್ಲಿ ಒಬ್ಬ ರೈತ ಮನೆ ಮುಂದಿನ ಮರದ ಬೊಡ್ಡೆಯನ್ನು ಕೊಡಲಿಯಿಂದ ಕಡಿಯುತ್ತಲೇ ಇರುತ್ತಾನೆ. ಅಡಗಿ ಕೂತವರಿಗೆ ಆ ಸದ್ದು ಕೇಳುತ್ತಲೇ ಇರುತ್ತದೆ. ನನಗೆ 'ದಿ ಶೂಟಿಂಗ್' ಇದಕ್ಕಿಂತ ಜಾಸ್ತಿ ಇಷ್ಟ, ಆದರೆ ನಿಮಗೆ ಇದು ಹೆಚ್ಚು ಹಿಡಿಸಬಹುದು. ಮೊದಲು ಇದನ್ನು ನೋಡಿ, ಆಮೇಲೆ 'ದಿ ಶೂಟಿಂಗ್'ಗೆ ವಾಪಸ್ ಬನ್ನಿ. ಆಗ ಕೋಲಿ ಹೇಳುವ ಆ ಅರೆಬರೆ ಮಾತಿಗೆ ಸ್ವಲ್ಪ ಗಮನ ಕೊಡಿ.