ಹಾಲು ಸೀದದ್ದಕ್ಕೆ ಅರಳುಮರಳೇ?

ಪ್ರಶ್ನೆ: ನನಗೆ 67. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಯುಗಾದಿಯ ಹಿಂದಿನ ದಿನ ಒಲೆ ಮೇಲೆ ಹಾಲಿಟ್ಟು ಮರೆತೆ, ಪಾತ್ರೆ ತಳ ಹಿಡಿಯಿತು. 'ಅಮ್ಮಂಗೆ ಅರಳುಮರಳು' ಅಂತ ಮಗ ನಕ್ಕ. ಅಂದಿನಿಂದ ನನ್ನನ್ನು ಒಲೆ ಹಚ್ಚಲು ಬಿಡುವುದಿಲ್ಲ, ಪಾಸ್‌ಬುಕ್ಕೂ ಅವನ ಹತ್ತಿರವೇ. ಎಲ್ಲ ಪ್ರೀತಿಯಿಂದಲೇ, ದೂರುವಂತಿಲ್ಲ. ಆದರೆ ಈಗ ನಿಜಕ್ಕೂ ಹೆಸರುಗಳು ಬಾಯಿಗೆ ಬರುತ್ತಿಲ್ಲ. ಭಜನೆಗೆ ಹೋಗುವುದನ್ನೂ ಬಿಟ್ಟೆ. ಮರೆವಿನ ಕಾಯಿಲೆಯೇ ಡಾಕ್ಟ್ರೇ?
— ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ಟೀಚರ್, ದತ್ತ: ಒಂದು ಸೀದ ಪಾತ್ರೆ. ಸಾಧನೀಯ: ಅರಳುಮರಳು. ನಿಮ್ಮ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದಿರಿ. ಮಗ ಹೇಳಿದನೆಂದು ನೀವೇ ಒಪ್ಪಿಬಿಟ್ಟಿರಲ್ಲ!

ಪರೀಕ್ಷೆ ಬೇಡ ಅನ್ನುತ್ತಿಲ್ಲ. ರಕ್ತದಲ್ಲಿ ವಿಟಮಿನ್ ಬಿ12, ಥೈರಾಯ್ಡ್ ನೋಡಿಸಿ. ಕಿವಿಯನ್ನೂ ತೋರಿಸಿ, ಸರಿಯಾಗಿ ಕೇಳಿಸದ ಹೆಸರು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ದಿನಾ ಓಡಾಡುವ ಬೀದಿಯಲ್ಲಿ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ನರರೋಗ ತಜ್ಞರನ್ನು ಬೇಗ ಕಾಣಿ.

ನನಗೆ ಚಿಂತೆಯಾದದ್ದು ಮಾತ್ರ ಭಜನೆ ಬಿಟ್ಟ ಸುದ್ದಿ. ಇಷ್ಟದ್ದರಲ್ಲಿ ಮನಸ್ಸು ನಿಲ್ಲದಿರುವುದು ಖಿನ್ನತೆಯ ಗುರುತಾಗಿರಬಹುದು, ಖಿನ್ನತೆಯಲ್ಲೂ ಮರೆವು ಬರುತ್ತದೆ. 'ವಯಸ್ಸಾಯ್ತಲ್ಲ' ಅಂತ ಮನೆಯವರು ಸುಮ್ಮನಾಗುತ್ತಾರೆ; ನಾವು ಡಾಕ್ಟರುಗಳೂ ಎಷ್ಟೋ ಸಲ ಹಾಗೇ ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇನೆ. ಖಿನ್ನತೆಗೆ ಚಿಕಿತ್ಸೆಯಿದೆ, ನಿಮ್ಮ ವಯಸ್ಸಿನಲ್ಲೂ ಗುಣ ಕಾಣುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಸಂಗಡಿಗರು ಓಹಾಯೋದ ಒಂದೇ ಊರಿನ, 50 ದಾಟಿದ 660 ಜನರ ದಾಖಲೆ ತೆಗೆದು ನೋಡಿದರು. ತಮ್ಮ ಮುಪ್ಪನ್ನು ಹಗುರಾಗಿ ತೆಗೆದುಕೊಂಡವರು, ಅದನ್ನು ಶಾಪವೆಂದುಕೊಂಡವರಿಗಿಂತ 7.5 ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು. ಇದು ಪ್ರಕಟವಾದದ್ದು 2002ರಲ್ಲಿ. ನಾವಿನ್ನೂ ತಮಾಷೆ ಮಾಡುತ್ತಲೇ ಇದ್ದೇವೆ.

ಈ ಪುಟ ಮಗನ ಕೈಗೆ ಕೊಡಿ. ಪ್ರೀತಿ ಇರಲಪ್ಪ, ಅಮ್ಮನ ಕೈ ಕಟ್ಟಬೇಡ. ಪಾಸ್‌ಬುಕ್ ಹಿಂದಿರುಗಿಸು, ಬರುವಾಗ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತಾ. ನಾಳೆಯಿಂದ ಬೆಳಗಿನ ಕಾಫಿ ಟೀಚರದ್ದೇ.

ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಫೋನ್ ನೋಡುತ್ತ ಹಾಲು ಉಕ್ಕಿಸುವ ನನ್ನ ಮಗನಿಗಾಗಿ ತಂದದ್ದು, ಅವನಿಗೆ 31.