ಕನ್ನಡದಲ್ಲಿ ಡಿಸೈನ್ ಮಾಡುವವರು ಆನ್‌ಲೈನ್‌ನಲ್ಲಿ ಏನು ನೋಡಬೇಕು?

ನೀವು ಕೇಳಿದ್ದು ಎರಡು. ಕನ್ನಡದ ಸಣ್ಣ ಡಿಸೈನ್ ಸ್ಟುಡಿಯೋಗಳಿಗೆ ಈಗ ಎಂಥ ಕೆಲಸ ಬರುತ್ತದೆ, ಮತ್ತು ಒಳ್ಳೆಯ ಕನ್ನಡ ಅಕ್ಷರಗಳು ನೆಟ್‌ನಲ್ಲಿ ಎಲ್ಲಿ ಸಿಗುತ್ತವೆ. ನಮ್ಮದು ಧಾರವಾಡದಲ್ಲಿ ಇಬ್ಬರೇ ನಡೆಸುವ ಸ್ಟುಡಿಯೋ. ನಾವು ಕಂಡಿದ್ದನ್ನು ಹೇಳುತ್ತೇನೆ.

ಈ ತಿಂಗಳು ಒಂದು ಖಾನಾವಳಿಯ ಬೋರ್ಡ್ ಮುಗಿಸಿದೆವು. ರೊಟ್ಟಿ, ಎಣ್ಣೆಗಾಯಿ, ಹಿಟ್ಟಿನ ಪಲ್ಯ. ಇಷ್ಟು ಬರೆಯುವುದು ಏನು ಮಹಾ ಅನಿಸಬಹುದು, ಅಲ್ವಾ? ಆದರೆ ಪ್ರತಿ ಸಾಲಿನ ಕೆಳಗೂ ಒತ್ತಕ್ಷರ ಇಳಿಯುತ್ತದೆ. ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾಲ್ಕು ಸಲ ಸಾಲು ಸರಿಸಿದ ಮೇಲೆ ಕಣ್ಣಿಗೆ ಹಿತವಾಯಿತು. ಉಳಿದಂತೆ ಲಗ್ನಪತ್ರಿಕೆ, ಅಂಗಡಿಯ ಚೀಲ, ಶಾಲೆಯ ಸ್ಮರಣ ಸಂಚಿಕೆ ಬರುತ್ತವೆ.

ಅಕ್ಷರಕ್ಕೆ ಮೊದಲು ಗೂಗಲ್ ಫಾಂಟ್ಸ್ ನೋಡಿ. ಅಲ್ಲಿನ 'ಅನೇಕ್ ಕನ್ನಡ' ಎಂಬ ಫಾಂಟ್ ನಮಗೆ ತುಂಬಾ ಇಷ್ಟ. ಮುಂಬೈನ ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆ ಮಾಡಿದ್ದು. ಬೇಕಾದಷ್ಟು ದಪ್ಪ ಮಾಡಬಹುದು, ಅಗಲ ಕೂಡ ಹಿಗ್ಗಿಸಿ ಕುಗ್ಗಿಸಬಹುದು. ಖಾನಾವಳಿಯ ಬೋರ್ಡಿಗೆ ಅದನ್ನೇ ಹಾಕಿದೆವು. ಅವರದ್ದೇ 'ಬಾಲೂ ತಮ್ಮ' ಎಂಬ ಫಾಂಟ್ ಗುಂಡಗಿದೆ, ಮಕ್ಕಳ ಕೆಲಸಕ್ಕೆ ಚೆಂದ. ಇಲ್ಲಿ ತಮ್ಮ ಅಂದರೆ ನಮ್ಮ ತಮ್ಮನೇ! ಆ ಬಳಗದ ತೆಲುಗು ಅಕ್ಷರಕ್ಕೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್ (ಅಣ್ಣ) ಅಂತ ಹೆಸರಿಟ್ಟಿದ್ದಾರೆ. ಪುಸ್ತಕದ ಒಳಪುಟಕ್ಕಾದರೆ ಟಿರೊ ಕನ್ನಡ. ಎಲ್ಲವೂ ಉಚಿತ, ದುಡ್ಡಿನ ಕೆಲಸಕ್ಕೂ ಬಳಸಬಹುದು.

ಆದರೆ ಫಾಂಟ್‌ಗಿಂತ ಜಾಸ್ತಿ ಹೊತ್ತು ಹಳೆಯ ಪುಟಗಳನ್ನು ನೋಡುತ್ತಾ ಕೂರಿ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ನಿಘಂಟು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಪೂರ್ತಿ ಇದೆ. ಒಂದು ಪುಟ ತೆಗೆದು ದೊಡ್ಡದು ಮಾಡಿ. ಪುಟ್ಟ ಅಚ್ಚುಮೊಳೆಯಲ್ಲಿ ಒತ್ತಿಗೆ ಹೇಗೆ ಜಾಗ ಮಾಡಿಕೊಟ್ಟಿದ್ದಾರೆ ಅಂತ ನೋಡಿ. ಅಲ್ಲೇ ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ. ರಾತ್ರಿ ಊಟ ಆದ ಮೇಲೆ ನಾನು ಸುಮ್ನೆ ಮುಖಪುಟಗಳನ್ನು ತಿರುವುತ್ತೇನೆ. ಕೈಯಿಂದ ಬರೆದ ಒಂದೊಂದು ಶೀರ್ಷಿಕೆಯೂ ಪಾಠ. ಖಾನಾವಳಿಯ ಹೆಸರಿನ ಬಳುಕು ನನಗೆ ಹೊಳೆದದ್ದು ಅಂಥದ್ದೊಂದರಿಂದ.

ಒಂದು ಎಚ್ಚರಿಕೆ. ಮೊದಲ ವರ್ಷ ನಮ್ಮ 300 ಲಗ್ನಪತ್ರಿಕೆ ಹಾಳಾದವು. ನಮ್ಮ ಪರದೆಯಲ್ಲಿ ಎಲ್ಲಾ ಸರಿ ಇತ್ತು. ಪ್ರೆಸ್‌ನಲ್ಲಿ ಫೈಲ್ ತೆರೆದಾಗ 'ಶ್ರೀ' ಒಡೆದು ಅರ್ಧ ಶ ಬೇರೆ, ರೀ ಬೇರೆ ಆಗಿತ್ತು. ಯಾರೂ ಗಮನಿಸದೆ ಹಾಗೇ ಅಚ್ಚಾಯಿತು. ನಮ್ಮ ಕೈಯಿಂದಲೇ ದುಡ್ಡು ಹಾಕಿ ಮತ್ತೆ ಅಚ್ಚು ಮಾಡಿಸಿದೆವು. ಮದುವೆ ಮನೆಯವರ ಮುಖ ಇನ್ನೂ ನೆನಪಿದೆ. ಫೋಟೋಶಾಪ್, ಇನ್‌ಡಿಸೈನ್ ಎರಡರಲ್ಲೂ 'ವರ್ಲ್ಡ್ ರೆಡಿ' ಎಂಬ ಆಯ್ಕೆ ಇದೆ, ಕನ್ನಡಕ್ಕೆ ಅದನ್ನೇ ಆರಿಸಿ. ಪ್ರೆಸ್‌ಗೆ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿಬಿಡಿ, ಅಂದರೆ ಫಾಂಟ್ ಬೇಕಿಲ್ಲದ ಬರೀ ಆಕಾರಗಳಾಗಿ ಬದಲಿಸಿ.

ಹೊಸ ಫಾಂಟ್ ಇಳಿಸಿಕೊಂಡ ಕೂಡಲೇ ನಾವು ಮೊದಲು ಟೈಪ್ ಮಾಡುವ ಪದ 'ಸ್ವಾತಂತ್ರ್ಯ'. ಅದರಲ್ಲಿ ತ ಕೆಳಗೆ ರ ಒತ್ತು, ಯ ಒತ್ತು ಎರಡೂ ಬರುತ್ತವೆ. ಅವು ಒಂದಕ್ಕೊಂದು ತಾಗದೆ ನಿಂತರೆ ಆ ಫಾಂಟ್ ಇಟ್ಟುಕೊಳ್ಳುತ್ತೇವೆ.